ಕರಿಬೇವಿನ ಕಟ್ಟೆಯ ದಿಗ್ವಿಜಯ

ಕೃತಯುಗದಲ್ಲಿ ಅಮೃತದ ಆಸೆಗೆ ದೇವದಾನವರು ಕೂಡಿ ಕಡಲನ್ನೇ ಕಡೆದರು. ತ್ರೇತಾಯುಗದಲ್ಲಿ ಒಂದು ಮೂಲಿಕೆಗಾಗಿ ಇಡೀ ಬೆಟ್ಟವೇ ಆಕಾಶಮಾರ್ಗವಾಗಿ ಪ್ರಯಾಣ ಮಾಡಿತು. ದ್ವಾಪರದಲ್ಲಿ ಒಂದೇ ಒಂದು ಹೂವಿನ ದೆಸೆಯಿಂದ ಸವತಿಯರ ನಡುವೆ ಮುನಿಸೆದ್ದು ಆ ಜಗಳ ಸ್ವರ್ಗದ ಬಾಗಿಲವರೆಗೂ ಹೋಯಿತು. ಹೀಗಿರುವಾಗ ಈ ಕಲಿಯುಗದಲ್ಲಿ, ಅದರಲ್ಲಿಯೂ ಎಲ್ಲರ ಅಂಗೈಯಲ್ಲಿ ಒಂದೊಂದು ಬೆಳಗುವ ಫಲಕವಿದ್ದು ಯಾರೂ ಯಾರನ್ನೂ ಏನನ್ನೂ ಕೇಳದಿರುವ ಈ ಕಡೆಯ ಉಪಯುಗದಲ್ಲಿ, ಶಾರದಾಂಬಾ ಬಡಾವಣೆ ಎರಡನೇ ಹಂತದ ಪಾರ್ಕಿನ ಕರಿಬೇವಿನ ಗಿಡವೊಂದಕ್ಕಾಗಿ ನಡೆದ ಘೋರಸಂಗ್ರಾಮವನ್ನು ಹಾಡದೆ ಬಿಡುವುದು ನ್ಯಾಯವೇ? ಅಲ್ಲ. ಆದುದರಿಂದ ಹೇ ಶ್ವೇತವಸನೆ, ವೀಣಾಪಾಣಿ, ಈ ಬಡ ಕಥೆಗಾರನ ನಾಲಗೆಯ ಮೇಲೆ ಸ್ವಲ್ಪ ಹೊತ್ತು ಕೂತು ಹೋಗು. ಹೇ ವಿಘ್ನರಾಜ, ನಿನಗೆ ಗರಿಕೆ ಅರ್ಪಿತ. ಕರಿಬೇವನ್ನು ಮಾತ್ರ ಕೇಳಬೇಡ, ಸದ್ಯಕ್ಕೆ ಗಿಡದ ಆರೋಗ್ಯ ಸರಿಯಿಲ್ಲ.

ಈ ಕಥೆಯ ನಾಯಕನು ಸಕಲಮಾರ್ಗಕೋವಿದನೂ, ಆಗಮನನಿರ್ಗಮನತ್ರಿಕಾಲಜ್ಞನೂ, ಧ್ವನಿವರ್ಧಕವಲ್ಲಭನೂ ಆದ ನಾಗಭೂಷಣಯ್ಯನು. ಯೌವನದಿಂದ ನಿವೃತ್ತಿಯವರೆಗೆ ಆತನು ಊರಿನ ಬಸ್ ನಿಲ್ದಾಣದ ವಿಚಾರಣಾ ಕಿಟಕಿಯ ಹಿಂದೆ ವಿರಾಜಮಾನನಾಗಿದ್ದನು. ಮಧುಗಿರಿಗೆ ಎಷ್ಟೊತ್ತಿಗೆ, ಕುಣಿಗಲ್ಲಿಗೆ ಎಲ್ಲಿ ನಿಲ್ಲಬೇಕು, ಪಾವಗಡದ್ದು ಹೋಯಿತೇ, ಶೌಚಾಲಯ ಯಾವ ಕಡೆ ಎಂದು ದಿನವಿಡೀ ಜನಸಾಗರವು ಆ ಪುಟ್ಟ ಗಾಜಿನ ಕಂಡಿಗೆ ಅಪ್ಪಳಿಸುತ್ತಿತ್ತು, ಆತನು ಒಂದೊಂದು ಅಲೆಗೂ ಉತ್ತರವಿತ್ತು ಕಳಿಸುತ್ತಿದ್ದನು. ಅಷ್ಟು ಕಾಲದಲ್ಲಿ ಆತನ ಬಾಯಿಂದ ಒಮ್ಮೆಯೂ ಹೊರಡದ ಪದವೊಂದೇ: 'ಗೊತ್ತಿಲ್ಲ'. ಗೊತ್ತಿಲ್ಲದಿದ್ದರೂ ಆತನು ಹೇಳುತ್ತಿದ್ದನು. ಪಾವಗಡಕ್ಕೆ ಹೊರಟಿದ್ದ ಮದುವೆ ದಿಬ್ಬಣವೊಂದು ಆತನ ಗಂಭೀರ ಕಂಠವನ್ನು ನಂಬಿ ಕುಣಿಗಲ್ಲಿಗೆ ಹೋಗಿ ಇಳಿದದ್ದೂ ಉಂಟು. ವರನು ಸಿಟ್ಟಾದನೆಂದು ಕೇಳಿದ್ದೇವೆ.

ಆದರೆ ಕಾಲಪುರುಷನು ಕ್ರೂರಿ. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದ ಆ ಮಹಾಸತ್ತ್ವನನ್ನು ಮರುದಿನದಿಂದ ಯಾರೂ ಏನೂ ಕೇಳಲಿಲ್ಲ. ಬಸ್ಸಿನ ಸಮಯ ಫೋನಿನಲ್ಲಿತ್ತು, ಮಳೆಯ ಸಮಾಚಾರ ಫೋನಿನಲ್ಲಿತ್ತು, ಮನೆಯ ಸಮಾಚಾರವೆಲ್ಲ ಹೆಂಡತಿ ಗಿರಿಜಾಂಬಳ ಕೈಯಲ್ಲಿತ್ತು. ಉಪ್ಪಿಟ್ಟಿನಿಂದ ಎತ್ತಿ ತಟ್ಟೆಯ ಅಂಚಿಗಿಡುವ ಕರಿಬೇವಿನ ಎಲೆಯ ಪಾಡು ತನ್ನದಾಯಿತೆಂದು ಆತನಿಗೆ ಅನ್ನಿಸಿತು. ಒಮ್ಮೊಮ್ಮೆ ವರಾಂಡದಲ್ಲಿ ಕೂತು, ಗೇಟಿನ ಮುಂದೆ ಹಾದುಹೋಗುವ ಅಪರಿಚಿತರತ್ತ, ಇವರಾದರೂ ದಾರಿ ಕೇಳಿಯಾರೆಂಬ ಆಸೆಯಿಂದ ನೋಡುತ್ತಿದ್ದನು. ಅವರು ಕೈಯಲ್ಲಿನ ನಕ್ಷೆಯನ್ನು ನೋಡುತ್ತ ಮುಂದೆ ಹೋಗಿಬಿಡುತ್ತಿದ್ದರು. ಅದು ಆತನಿಗೆ ನಿಜವಾಗಿಯೂ ನೋವಾಗುವ ಸಂಗತಿಯಾಗಿತ್ತು.

ಇಂತಹ ವಿಷಾದಯೋಗದಲ್ಲಿ ಮುಳುಗಿದ್ದವನ ಕಣ್ಣಿಗೆ ಹಾಲಿನ ಬೂತಿನ ಗೋಡೆಯ ಮೇಲೆ ಹಸಿರು ಭಿತ್ತಿಪತ್ರವೊಂದು ಬಿದ್ದಿತು. ತೋಟಗಾರಿಕೆ ತರಬೇತಿ ಕೇಂದ್ರದಲ್ಲಿ ಪ್ರತಿ ಶನಿವಾರ ಪಾಠ. ಕಲಿತವರು ತಮ್ಮ ಬಡಾವಣೆಯ ತೋಟಕ್ಕೆ ಸ್ವಯಂಸೇವಕ ತಜ್ಞರಾಗಬಹುದು. ದೇಹಕ್ಕೆ ವ್ಯಾಯಾಮ, ಮನಸ್ಸಿಗೆ ಉಲ್ಲಾಸ, ನೆರೆಹೊರೆಯಲ್ಲಿ ಸ್ನೇಹ ಲಭಿಸುವುದು ಎಂದು ಅದರಲ್ಲಿತ್ತು. ಆ ಲಾಭಗಳಾವುವೂ ನಮ್ಮ ನಾಯಕನನ್ನು ಸೆಳೆಯಲಿಲ್ಲ. ಕೊನೆಯ ಸಾಲು ಸೆಳೆಯಿತು: 'ಜನರ ಪ್ರಶ್ನೆಗಳಿಗೆ ಉತ್ತರಿಸಲು ಅವಕಾಶ'.

"ಹೋಗ್ಬನ್ನಿ," ಎಂದಳು ಗೃಹಸಾಮ್ರಾಜ್ಯದ ಅಧೀಶ್ವರಿ ಗಿರಿಜಾಂಬ. "ಮನೇಲಿ ಕೂತ್ಕೊಂಡು ಗೋಡೆಗೆ ಬಸ್ ಟೈಮ್ ಹೇಳೋದಕ್ಕಿಂತ ಎಷ್ಟೋ ವಾಸಿ."

ಅಲ್ಲಿ ಗುರುಸ್ಥಾನದಲ್ಲಿದ್ದವಳು ಡಾಕ್ಟರ್ ಸುಧಾಮಣಿ. ಮೃತ್ತಿಕಾಮರ್ಮಜ್ಞೆ, ಕೀಟಕುಲಭಯಂಕರಿ, ಮಾತಿನಲ್ಲಿ ಮಾತ್ರ ಬಲು ಜಿಪುಣೆ. ಮೊದಲ ದಿನವೇ ಆಕೆ ಶಿಷ್ಯಗಣವನ್ನುದ್ದೇಶಿಸಿ, "ಇಲ್ಲಿ ಗಿಡಕ್ಕಿಂತ ಮುಂಚೆ ಒಂದು ವಾಕ್ಯ ಕಲೀಬೇಕು. 'ನನಗೆ ಗೊತ್ತಿಲ್ಲ, ಕೇಳಿ ಹೇಳ್ತೀನಿ.' ಎಲ್ಲಾರೂ ಒಂದ್ಸಲ ಗಟ್ಟಿಯಾಗಿ ಹೇಳಿ ನೋಡಣ," ಎಂದಳು. ನಿವೃತ್ತ ಶಿಕ್ಷಕರು ಹೇಳಿದರು, ಗೃಹಿಣಿಯರು ಹೇಳಿದರು, ಇಬ್ಬರು ನರ್ಸುಗಳು ಹೇಳಿದರು. ನಾಗಭೂಷಣಯ್ಯನು ತುಟಿಯನ್ನಷ್ಟೇ ಅಲ್ಲಾಡಿಸಿದನು.

ಇನ್ನೊಂದು ಶನಿವಾರ ಮಜ್ಜಿಗೆಯ ಪ್ರಸ್ತಾಪ ಬಂದಿತು. "ಕರಿಬೇವಿಗೆ ಹುಳಿಮಜ್ಜಿಗೆ ಹಾಕಿದ್ರೆ ಚೆನ್ನಾಗಿ ಚಿಗುರುತ್ತೆ," ಎಂದು ಆಚಾರ್ಯೆ ನುಡಿದ ಕೂಡಲೇ ನಮ್ಮ ವೀರನ ಮನೋರಥವು ಹಗ್ಗ ಬಿಚ್ಚಿದ ಕರುವಾಗಿ ಪಾರ್ಕಿನತ್ತ ಓಡಿತು. ಈ ದಿವ್ಯಜ್ಞಾನವನ್ನು ಬಡಾವಣೆಗೆ ಯಾವ ಧಾಟಿಯಲ್ಲಿ ಘೋಷಿಸಬೇಕು, ಮೊದಲು ಕೆಮ್ಮಬೇಕೇ ಬೇಡವೇ ಎಂದು ಆತನು ಒಳಗೊಳಗೇ ತಾಲೀಮು ನಡೆಸುತ್ತಿದ್ದಾಗ, "ಆದರೆ" ಎಂಬ ಪದದಿಂದ ಆರಂಭವಾದ ಗುರುವಾಕ್ಯದ ಉತ್ತರಾರ್ಧವು ಕಿವಿಯ ಪಕ್ಕದಿಂದ ಹಾದು ಕಿಟಕಿಯಿಂದ ಹೊರಟುಹೋಯಿತು. ಮುಂದಿನ ಸಕಲ ಅನರ್ಥಕ್ಕೂ ಅದೇ ಬೀಜ.

ಈಗ ರಣಭೂಮಿಯ ವರ್ಣನೆ. ಬಡಾವಣೆಯ ನಟ್ಟನಡುವೆ ಪಾರ್ಕು, ಪಾರ್ಕಿನ ಮೂಲೆಯಲ್ಲಿ ಕಟ್ಟೆ, ಕಟ್ಟೆಯ ಪಕ್ಕದಲ್ಲಿ ಸರ್ವಜನಾಧೀನವಾದ ಒಂದು ಕರಿಬೇವಿನ ಗಿಡ. ಅದನ್ನು ಯಾರು ನೆಟ್ಟರೋ ಯಾರಿಗೂ ನೆನಪಿರಲಿಲ್ಲ. ಬೆಳಿಗ್ಗೆ ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು, ಸಾಸಿವೆ ಸಿಡಿಯುವುದರೊಳಗೆ ಓಡಿಬಂದು ಎರಡೆಸಳು ಕಿತ್ತುಕೊಂಡು ಓಡುವುದು ಅಲ್ಲಿನ ಮನೆಮನೆಯ ಪದ್ಧತಿ. ಅಂಗಡಿಯಲ್ಲಿ ಕರಿಬೇವು ಕೊಂಡವರನ್ನು ಆ ಬಡಾವಣೆಯಲ್ಲಿ ಸ್ವಲ್ಪ ಕನಿಕರದಿಂದ ನೋಡುತ್ತಿದ್ದರು.

ತರಬೇತಿ ಕೇಂದ್ರದಿಂದ ಲಭಿಸಿದ ಹಸಿರು ಟೋಪಿಯನ್ನು ಕಿರೀಟಪ್ರಾಯವಾಗಿ ಧರಿಸಿ ನಾಗಭೂಷಣಯ್ಯನು ಆ ಕಟ್ಟೆಯ ಮೇಲೆ ಆಸೀನನಾಗಿದ್ದ ಒಂದು ಮುಂಜಾನೆ, ಎದುರುಮನೆಯ ಮೀನಾಕ್ಷಮ್ಮ ಕರಿಬೇವಿಗೆ ಬಂದವಳು ನಿಂತು, "ಸಾರ್, ಈ ಗಿಡ ಯಾಕೋ ಮುಂಚಿನ ಥರ ಚಿಗುರ್ತಾನೇ ಇಲ್ವಲ್ಲ, ಏನ್ಮಾಡ್ಬೇಕು?" ಎಂದಳು.

ಪ್ರಶ್ನೆ! ನಿವೃತ್ತಿಯ ನಂತರ ಆತನ ಕಡೆಗೆ ಬಂದ ಮೊದಲ ಪ್ರಶ್ನೆ! ಆತನ ರೋಮಗಳು ನಿಮಿರಿದವು, ಎದೆ ಅರಳಿತು, ಕಣ್ಣಂಚು ಸ್ವಲ್ಪ ಒದ್ದೆಯೂ ಆಯಿತು. ಅದನ್ನು ಮರೆಮಾಚಲು ಟೋಪಿಯನ್ನು ಸರಿಪಡಿಸಿಕೊಂಡು, ಆ ಹಳೆಯ ಮೇಘಗಂಭೀರ ಸ್ವರದಲ್ಲಿ, "ಸಾರ್ವಜನಿಕರ ಗಮನಕ್ಕೆ. ಕರಿಬೇವಿನ ಗಿಡಕ್ಕೆ ಹುಳಿಮಜ್ಜಿಗೆಯೇ ಪರಮೌಷಧ. ಹುಳಿಮಜ್ಜಿಗೆಯೇ ಪರಮೌಷಧ," ಎಂದು ನಿಲ್ದಾಣದ ಕ್ರಮದಲ್ಲಿ ಎರಡು ಬಾರಿ ಸಾರಿದನು.

ಅದನ್ನು ಮೀನಾಕ್ಷಮ್ಮ ಕೇಳಿದಳು, ಅತ್ತ ವಾಕಿಂಗ್ ಹೋಗುತ್ತಿದ್ದವರು ಕೇಳಿದರು, ಹೂವಿನವಳು ಕೇಳಿದಳು. ಸಂಜೆಯೊಳಗೆ ಬಡಾವಣೆಯೆಲ್ಲ ಕೇಳಿತು. ಮರುದಿನದಿಂದ ಜನ ಆತನ ಬಳಿ ನಿಂತು ದಾಸವಾಳದ ಬಿಳಿಹುಳು, ಕುಂಡದ ತುಳಸಿ, ಹೂ ಬಿಡದ ಮಲ್ಲಿಗೆ ಎಂದು ಕೇಳತೊಡಗಿದರು. ನಮ್ಮ ನಾಯಕನು ಆ ದಿನಗಳಲ್ಲಿ ನೆಲದ ಮೇಲೆ ನಡೆಯುತ್ತಿರಲಿಲ್ಲ. ಮನೆಗೆ ತಡವಾಗಿ ಬರುತ್ತಿದ್ದನು, ಚೆನ್ನಾಗಿ ಉಣ್ಣುತ್ತಿದ್ದನು.

ಆದರೆ ಗಿಡವು ಚಿಗುರಲಿಲ್ಲ. ಎಲೆಗಳು ಹಳದಿಗಟ್ಟಿದವು, ಅಂಚು ಕಂದಿದವು, ಒಂದೊಂದೇ ಉದುರತೊಡಗಿದವು. ಬುಡದ ಮಣ್ಣಿನ ಮೇಲೆ ಬೆಳ್ಳಗಿನ ಪೊರೆಯೊಂದು ಹರಡಿತು. ಕಟ್ಟಿರುವೆಗಳ ಚತುರಂಗಬಲವು ಸಾಲುಸಾಲಾಗಿ ಬಂದು ಅಲ್ಲಿ ಪಾಳೆಯ ಬಿಟ್ಟಿತು. ಹುಳಿಹುಳಿ ವಾಸನೆಯೊಂದು ಕಟ್ಟೆಯನ್ನು ಸುತ್ತುವರಿಯಿತು, ಎಲ್ಲರೂ ಅದನ್ನು ಚರಂಡಿಯ ಲೆಕ್ಕಕ್ಕೆ ಹಾಕಿದರು. ಜನ ಬಂದು ಕಾರಣ ಕೇಳಿದಾಗ ತ್ರಿಕಾಲಜ್ಞನು ಒಂದು ನಿಮಿಷ ಕಣ್ಣುಮುಚ್ಚಿ, "ಪೋಷಣೆಯ ಕೊರತೆ. ಮಜ್ಜಿಗೆ ಸಾಲದು," ಎಂದು ತೀರ್ಪಿತ್ತನು. ಗಿಡ ಇನ್ನಷ್ಟು ಸೊರಗಿತು.

ಆಗ ರಣರಂಗವನ್ನು ಪ್ರವೇಶಿಸಿದನು ಪ್ರತಿನಾಯಕ, ಬಡಾವಣೆಯ ಸಂಘದ ಅಧ್ಯಕ್ಷ, ಸಿಮೆಂಟುಪ್ರಿಯ, ಜಲ್ಲಿರಾಶಿಸಮುದ್ಧಾರಕ, ಮಾಜಿ ಗುತ್ತಿಗೆದಾರ ಹನುಮಂತರಾಯಪ್ಪ. ಪಾರ್ಕಿನ ಬಹುಪಾಲಿಗೆ ಈಗಾಗಲೇ ಕಾಂಕ್ರೀಟು ಹಾಸಿ ಮುಗಿಸಿದ್ದ ಆತನ ದೃಷ್ಟಿ ಬಹಳ ದಿನಗಳಿಂದ ಆ ಮೂಲೆಯ ಮೇಲಿತ್ತು. ಅಲ್ಲೊಂದು ಸೆಲ್ಫಿ ಕಟ್ಟೆ ಕಟ್ಟಿಸಿ, ಬಣ್ಣದ ರೆಕ್ಕೆಗಳನ್ನು ಬಿಡಿಸಿ, ತನ್ನ ಹೆಸರಿನ ಫಲಕ ಹಾಕಿಸುವುದು ಆತನ ಜೀವಿತಾಕಾಂಕ್ಷೆ.

"ಏನಯ್ಯಾ ತಜ್ಞ," ಎಂದು ಹನುಮಂತರಾಯಪ್ಪನು ಸೊಂಟದ ಮೇಲೆ ಕೈಯಿಟ್ಟು ಗರ್ಜಿಸಿದನು. "ಟೋಪಿ ಹಾಕ್ಕೊಂಡು ಕೂತಿದೀಯ, ಗಿಡ ನೋಡಿದ್ರೆ ಕಡ್ಡಿ ಆಗೈತೆ. ನಾನು ಕಟ್ಸಿರೋ ಬೆಂಚು ಒಂದಾದ್ರೂ ಒಣಗೈತಾ ನೋಡು. ನೀರು ಕೇಳಲ್ಲ, ಗೊಬ್ಬರ ಕೇಳಲ್ಲ. ಭಾನುವಾರ ಮೀಟಿಂಗು. ಅಷ್ಟ್ರೊಳಗೆ ಇದಕ್ಕೇನಾಗೈತೆ ಅಂತ ಹೇಳ್ಬಿಟ್ರೆ ಸರಿ, ಇಲ್ದಿದ್ರೆ ಸೋಮವಾರ ಬುಡಸಮೇತ ಕೀಳ್ಸಿ ಹಾಕ್ತೀನಿ."

ನಾಗಭೂಷಣಯ್ಯನು ಕಟ್ಟೆಯಿಂದ ಎದ್ದು ನಿಂತನು. ಆತನ ಕೈಯಲ್ಲಿ ಕೈಗುದ್ದಲಿಯು ಮಿನುಗಿತು, ಟೋಪಿಯು ಗಾಳಿಗೆ ಕೊಂಚ ವಾಲಿತು.

"ದಯವಿಟ್ಟು ಗಮನಿಸಿ," ಎಂದು ಆ ವಾಗ್ಮಿಯು ಆರಂಭಿಸಿದನು. "ಈ ಗಿಡದ ಚಿಗುರು ವಿಳಂಬವಾಗಿದೆಯೇ ಹೊರತು ರದ್ದಾಗಿಲ್ಲ. ಯಾವ ಕಿಟಕಿಯ ಮುಂದೆ ಸಹಸ್ರಾರು ದಿಕ್ಕುಗೆಟ್ಟವರು ದಿಕ್ಕು ಕಂಡರೋ, ಆ ಕಿಟಕಿಯ ಹಿಂದೆ ಕುಳಿತಿದ್ದವನು ನಾನು. ಭಾನುವಾರದ ಸಭೆಯಲ್ಲಿ ಈ ರೋಗದ ನಾಮಧೇಯವನ್ನೂ ಚಿಕಿತ್ಸೆಯನ್ನೂ ಸಾರ್ವಜನಿಕವಾಗಿ ಪ್ರಕಟಿಸುವೆನು. ತಪ್ಪಿದಲ್ಲಿ ಈ ಟೋಪಿಯನ್ನು ಕಳಚಿ ನಿಮ್ಮ ಪದತಲದಲ್ಲಿಡುವೆನು. ಇನ್ನೆಂದೂ ಈ ಕಟ್ಟೆಯ ಮೇಲೆ ಕುಳಿತು ಯಾರಿಗೂ ಏನನ್ನೂ ಹೇಳೆನು. ಇದು ನನ್ನ ಪ್ರತಿಜ್ಞೆ."

"ಆಯ್ತು ಬಿಡು, ಬರೀ ಮೈಕಿನ ಥರ ಮಾತಾಡ್ತೀಯ," ಎಂದು ಹನುಮಂತರಾಯಪ್ಪ ಮೂಗು ಮುಚ್ಚಿಕೊಂಡು ಹೊರಟುಹೋದನು.

ಪ್ರತಿಜ್ಞೆಯೇನೋ ಆಯಿತು. ಮನೆಗೆ ಬಂದ ಮೇಲೆ ಪ್ರತಿಜ್ಞಾಬದ್ಧನು ಲೆಕ್ಕ ಹಾಕಿ ನೋಡಿದನು. ಸೋತರೆ ಹೋಗುವುದು ಬರೀ ಗಿಡವಲ್ಲ. ಮತ್ತೆ ಆ ವರಾಂಡ, ಮತ್ತೆ ಆ ಗೇಟು, ಮತ್ತೆ ಯಾರೂ ಏನೂ ಕೇಳದ ಆ ಉದ್ದುದ್ದ ಮಧ್ಯಾಹ್ನಗಳು. ಆತನು ಭೂತಗನ್ನಡಿಯನ್ನು ಹಿಡಿದು ಎಲೆಗಳ ಮೇಲೆ ದಂಡೆತ್ತಿ ಹೋದನು, ಬೇವಿನೆಣ್ಣೆಯ ಶರವರ್ಷವನ್ನು ಸುರಿಸಿದನು, ಇರುವೆಗಳ ಅಕ್ಷೌಹಿಣಿಗೆ ಅರಿಶಿನದ ಪುಡಿಯಿಂದ ಲಕ್ಷ್ಮಣರೇಖೆ ಎಳೆದನು. ಇರುವೆಗಳು ಅದನ್ನು ಸುತ್ತಿಕೊಂಡು ಹೋದವು. ಒಂದೆರಡು ಆತನ ಪ್ಯಾಂಟಿನೊಳಗೂ ಹೋದವು.

ಶನಿವಾರ ಆತನು ಒಣಗಿದ ಎಲೆಯೊಂದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಆಚಾರ್ಯೆಯ ಮುಂದೆ ನಿಂತನು. ಸುಧಾಮಣಿ ಎಲೆಯನ್ನು ಮೂಸಿ ನೋಡಿ, ಹುಬ್ಬು ಹಾರಿಸಿ, "ಗಿಡಕ್ಕೆ ಯಾರ್ಯಾರು ಏನೇನ್ ಹಾಕ್ತಾರೆ?" ಎಂದಳು.

"ನನ್ನನ್ನು ಕೇಳದೆ ಯಾರೂ ಏನೂ ಹಾಕೋದಿಲ್ಲ ಮೇಡಂ."

"ನೀವು ಅವರನ್ನ ಕೇಳಿದ್ರಾ?"

"ನಾನ್ಯಾಕೆ ಕೇಳ್ಲಿ? ಅವರೇ ನನ್ನನ್ನ ಕೇಳ್ತಾರಲ್ಲ."

ಸುಧಾಮಣಿ ಎಲೆಯನ್ನು ವಾಪಸು ಕೊಟ್ಟಳು. "ಹೋಗಿ ಕೇಳ್ಕೊಂಡ್ ಬನ್ನಿ," ಎಂದು ಮುಂದಿನವರತ್ತ ತಿರುಗಿದಳು. ಅಷ್ಟೇ. ಬ್ರಹ್ಮಾಸ್ತ್ರವನ್ನು ಬೇಡಲು ಹೋದವನಿಗೆ ದೊರೆತದ್ದು ಅಷ್ಟೇ.

ಬಸ್ಸಿನಲ್ಲಿ ಮನೆಗೆ ಬರುವಾಗ ನಮ್ಮ ವೀರನಿಗೆ ಬಹಳ ಕೋಪ ಬಂದಿತು. ತಾನು ಕೇಳುವುದೇ? ಕಿಟಕಿಯ ಒಳಗಿದ್ದವನು ಹೊರಗೆ ಬಂದು ಸಾಲಿನಲ್ಲಿ ನಿಲ್ಲುವುದೇ? ಆದರೆ ಕೋಪದ ಹಿಂದೆಯೇ, ಕುಣಿಗಲ್ಲಿನಲ್ಲಿ ಇಳಿದು ನಿಂತ ಆ ದಿಬ್ಬಣದ ನೆನಪೂ ಯಾಕೋ ಬಂದಿತು. ವಧುವಿನ ತಾಯಿ ಮಾರನೆಯ ದಿನ ಕಿಟಕಿಯ ಬಳಿ ಬಂದು, ಬೈಯದೆ, "ಗೊತ್ತಿಲ್ಲ ಅಂದಿದ್ರೆ ಇನ್ನೊಬ್ರನ್ನ ಕೇಳ್ತಿದ್ವಿ ಸಾಮಿ," ಎಂದಷ್ಟೇ ಹೇಳಿ ಹೋಗಿದ್ದಳು.

ಭಾನುವಾರ ಬಂದಿತು. ದಶದಿಕ್ಕುಗಳಿಂದ ಪೌರಜನರು ಪ್ಲಾಸ್ಟಿಕ್ ಕುರ್ಚಿಗಳನ್ನು ಹೊತ್ತು ಬಂದು ಕಟ್ಟೆಯ ಮುಂದೆ ಮಂಡಿಸಿದರು. ಒಂದು ಪಾರ್ಶ್ವದಲ್ಲಿ ಹನುಮಂತರಾಯಪ್ಪ, ಪಕ್ಕದಲ್ಲಿ ಸಲಿಕೆ. ಇನ್ನೊಂದು ಪಾರ್ಶ್ವದಲ್ಲಿ ನಾಗಭೂಷಣಯ್ಯ, ತಲೆಯ ಮೇಲೆ ಟೋಪಿ. ನಡುವೆ, ಮೂರು ಎಲೆಯ ಆಸ್ತಿಯೊಂದಿಗೆ ನಿಂತಿದ್ದ ಕರಿಬೇವು. ಗಿರಿಜಾಂಬ ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದಳು.

"ಹೇಳಪ್ಪಾ," ಎಂದನು ಅಧ್ಯಕ್ಷ. "ಏನ್ ರೋಗ?"

ನಾಗಭೂಷಣಯ್ಯನು ಬಾಯಿ ತೆರೆದನು. ಅಂತರ್ವಾಹಿಕಾಶೈಥಿಲ್ಯ, ಮೂಲಮಂಡಲದಾರಿದ್ರ್ಯ, ಗ್ರಹಣಕಾಲದ ವಿಷವಾಯು, ಇಂತಹ ಮಹೋನ್ನತ ಸುಳ್ಳುಗಳು ಆತನ ನಾಲಗೆಯ ಮೇಲೆ ಹೊರಡಲು ಸಿದ್ಧವಾಗಿ ಸಾಲಾಗಿ ನಿಂತಿದ್ದವು. ಒಂದನ್ನು ಬಿಟ್ಟಿದ್ದರೆ ಸಾಕಿತ್ತು, ಜನ ನಂಬುತ್ತಿದ್ದರು. ಆ ಕಂಠವೇ ಅಂಥದು. ಆತನು ಮೀನಾಕ್ಷಮ್ಮನ ಮುಖವನ್ನು ನೋಡಿದನು. ಆಕೆ ಪೂರ್ತಿ ನಂಬಿಕೆಯಿಂದ ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದಳು. ಆ ನಂಬಿಕೆಯನ್ನು ಕಂಡು ಆತನಿಗೆ ಹೆದರಿಕೆಯಾಯಿತು.

"ನನಗೆ..." ಎಂದನು. ದಿಕ್ಪಾಲಕರು ಉಸಿರು ಬಿಗಿಹಿಡಿದರು. "ನನಗೆ ಗೊತ್ತಿಲ್ಲ ಕಣ್ರಪ್ಪಾ."

ಹೂಮಳೆ ಬೀಳಲಿಲ್ಲ, ದೇವದುಂದುಭಿ ಮೊಳಗಲಿಲ್ಲ. ಪಕ್ಕದ ರಸ್ತೆಯಲ್ಲಿ ಹಳೇ ಪೇಪರಿನವನು ಕೂಗಿಕೊಂಡು ಹೋದನು. ನಾಗಭೂಷಣಯ್ಯನು ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು, ಆ ಕಂಚಿನ ಕಂಠವನ್ನೆಲ್ಲ ಎಲ್ಲೋ ಬಿಟ್ಟು, ಸಾಧಾರಣ ಮನುಷ್ಯನ ಧ್ವನಿಯಲ್ಲಿ, "ನಾನು ನಿಮ್ಮನ್ನ ಕೇಳ್ಬೇಕಿತ್ತು, ಕೇಳ್ಲಿಲ್ಲ. ಇದಕ್ಕೆ ಯಾರಾದ್ರೂ ಏನಾದ್ರೂ ಹಾಕ್ತಿದ್ರಾ?" ಎಂದನು.

ಮೀನಾಕ್ಷಮ್ಮ ಸಣ್ಣಗೆ ಕೈಯೆತ್ತಿದಳು. "ನಾನು ದಿನಾ ಬೆಳಿಗ್ಗೆ ಒಂದ್ ಚೊಂಬು ಹುಳಿಮಜ್ಜಿಗೆ ಹಾಕ್ತಿದ್ದೆ ಸಾರ್. ನೀವೇ ಅಂದ್ರಲ್ಲ. ಬೇರೆ ಯಾರ್ ಹಾಕ್ತಾರೆ ಪಾಪ, ನಾನೇ ಹಾಕೋಣ ಅಂತ."

"ಅಯ್ಯೋ, ನಾನೂ ಹಂಗೇ ಅನ್ಕೊಂಡೆ," ಎಂದಳು ಮೂಲೆಮನೆಯ ಟೀಚರ್ ಫರೀದಾಬಾನು. "ಸ್ಕೂಲಿಂದ ಬಂದ್ಮೇಲೆ ಒಂದ್ ಜಗ್ಗು. ನೀವು ಸಾಲ್ದು ಅಂದ್ಮೇಲೆ ಎರಡು."

ಕಟ್ಟೆ ಒಡೆಯಿತು. ಮೇಲಿನ ಮನೆಯವರು ಹಾಕಿದ್ದರು, ಕೆಳಗಿನ ಮನೆಯವರು ಹಾಕಿದ್ದರು. ಇಡ್ಲಿ ಅಂಗಡಿಯವನು ಮೊಸರುವಡೆಯ ಪಾತ್ರೆ ತೊಳೆದ ನೀರನ್ನು ಭಕ್ತಿಯಿಂದ ತಂದು ಸುರಿದಿದ್ದನು. ಸ್ವಂತ ಮನೆಯ ಕುಂಡಕ್ಕೆ ಹಾಕುವುದಾಗಿದ್ದರೆ ಅಳೆದು ತೂಗಿ ಹಾಕುತ್ತಿದ್ದರು. ಇದು ಎಲ್ಲರ ಗಿಡವಾದ್ದರಿಂದ, ತಮ್ಮನ್ನು ಬಿಟ್ಟು ಅದಕ್ಕೆ ದಿಕ್ಕಿಲ್ಲವೆಂದು ಪ್ರತಿಯೊಬ್ಬರೂ ಮರುಗಿ, ಇನ್ನೊಬ್ಬರಿಗೆ ಹೇಳಿದರೆ ಬಡಾಯಿಯಾದೀತೆಂದು ಸಂಕೋಚಪಟ್ಟು, ತಂತಮ್ಮ ಹೊತ್ತಿನಲ್ಲಿ ಗುಟ್ಟಾಗಿ ಕ್ಷೀರಾಭಿಷೇಕ ನಡೆಸಿದ್ದರು. ಹೀಗೆ ಒಂದಿಡೀ ಬಡಾವಣೆಯ ಒಳ್ಳೆಯತನವೆಲ್ಲ ಒಂದು ಗಿಡದ ಬುಡದಲ್ಲಿ ಹುಳಿತು ನಾರುತ್ತಿತ್ತು.

"ನಾನೂ ಹಾಕಿದೀನಿ," ಎಂದಳು ಹಿಂದಿನ ಸಾಲಿನಿಂದ ಗಿರಿಜಾಂಬ. "ನಿಮ್ಮ ಮಾತು ಸುಳ್ಳಾಗ್ಬಾರ್ದಲ್ಲ ಅಂತ."

ಆಗ ಸಲಿಕೆಯ ಪಕ್ಕದಿಂದ ಒಂದು ಕೆಮ್ಮು ಕೇಳಿಸಿತು. ಸಿಮೆಂಟುಪ್ರಿಯನು ನೆಲವನ್ನು ನೋಡುತ್ತಿದ್ದನು.

"ನಮ್ಮನೆಯವ್ಳು ಕೊಟ್ಟು ಕಳ್ಸಿದ್ಲಪ್ಪಾ," ಎಂದನು ಹನುಮಂತರಾಯಪ್ಪ. "ಒಂದ್ ಬಕೆಟ್ಟು, ವಾರಕ್ಕೆರಡು ಸಲ. ಮೊಸರನ್ನಕ್ಕೆ ಕರಿಬೇವಿಲ್ದೆ ಇದ್ರೆ ನನಗೂ ಸೇರಲ್ಲ."

ನಾಗಭೂಷಣಯ್ಯನು ಅಲ್ಲೇ ನಿಂತು ಸುಧಾಮಣಿಗೆ ಫೋನು ಮಾಡಿದನು. ಇಡೀ ಸಭೆಯು ಗುರುವಿನ ಉಪದೇಶಕ್ಕಾಗಿ ಕಿವಿ ನಿಮಿರಿಸಿತು. "ಒಂದ್ ಲೋಟ, ನೀರು ಬೆರೆಸಿ, ತಿಂಗಳಿಗೊಂದು ಸಲ ಅಂತ ಅವತ್ತೇ ಹೇಳಿದ್ನಲ್ರೀ," ಎಂದಳು ಆಕೆ. "ಮೇಲಿನ ಮಣ್ಣು ತೆಗ್ದು ಹೊಸ ಮಣ್ಣು ಹಾಕಿ. ಆಮೇಲೆ ಯಾರೂ ಏನೂ ಮಾಡ್ಬೇಡಿ."

"ಏನೂ ಅಂದ್ರೆ?"

"ಏನೂ. ಸುಮ್ನಿರಿ."

ಹೀಗೆ ಮಹಾಸಮರವು ಮುಗಿದು, ಅದಕ್ಕಿಂತ ಘೋರವಾದ ಸುಮ್ಮನಿರುವ ಪರ್ವವು ಆರಂಭವಾಯಿತು. ಕೀಳಲೆಂದು ತಂದಿದ್ದ ಸಲಿಕೆಯಿಂದಲೇ ಹನುಮಂತರಾಯಪ್ಪ ಹುಳಿಮಣ್ಣನ್ನು ಅಗೆದು ತೆಗೆದನು, ಸೆಲ್ಫಿ ಕಟ್ಟೆಗೆ ಬೇರೆ ಜಾಗ ಹುಡುಕುವೆನೆಂದು ಗೊಣಗಿದನು, ಟೋಪಿಯ ಪ್ರತಿಜ್ಞೆಯ ಮಾತನ್ನು ಮಾತ್ರ ಎತ್ತಲೇ ಇಲ್ಲ. ನಾಗಭೂಷಣಯ್ಯನು ದಿನವೂ ಕಟ್ಟೆಯ ಮೇಲೆ ಕೂತು, ಸೆರಗಿನ ಮರೆಯಲ್ಲಿ ಚೊಂಬು ಹಿಡಿದು ಬರುವ ಕರುಣಾಮಯಿಗಳನ್ನು ಕೈಮುಗಿದು ವಾಪಸು ಕಳಿಸುತ್ತಿದ್ದನು. "ನಿಮ್ಮನೇಲಿ ಏನ್ ಹಾಕ್ತೀರಿ, ಹೇಗ್ ಹಾಕ್ತೀರಿ?" ಎಂದು ಅವರನ್ನೇ ಕೇಳುತ್ತಿದ್ದನು. ಕೇಳಿಸಿಕೊಂಡವರು ಕೂತು ಹೇಳುತ್ತಿದ್ದರು; ಗಿಡದ ಮಾತು ಮುಗಿದು ಸೊಂಟನೋವಿನ, ಸೊಸೆಯ, ಗ್ಯಾಸಿನ ಮಾತಿಗೆ ಹೊರಳುತ್ತಿತ್ತು. ಗೊತ್ತಿಲ್ಲವೆಂದವನ ಬಳಿ ಬರುವ ಜನ, ಎಲ್ಲ ಗೊತ್ತಿದ್ದವನ ಬಳಿ ಬರುತ್ತಿದ್ದವರಿಗಿಂತ ಹೆಚ್ಚಾದದ್ದು ಆತನಿಗೇ ಆಶ್ಚರ್ಯವಾಯಿತು. ಮಳೆ ಬಂದು ಹೋದ ಮೇಲೆ ಒಂದು ಬೆಳಿಗ್ಗೆ ಬೋಳು ಕೊಂಬೆಯಲ್ಲಿ ತಾಮ್ರವರ್ಣದ ಚಿಗುರು ಕಾಣಿಸಿತು.

ಇನ್ನು ಫಲಶ್ರುತಿ. ಈ ತರಬೇತಿಯನ್ನು ಶ್ರದ್ಧೆಯಿಂದ ಪಡೆದವರಿಗೆ ಭಿತ್ತಿಪತ್ರದಲ್ಲಿ ನುಡಿದ ವ್ಯಾಯಾಮ, ಉಲ್ಲಾಸ, ಸ್ನೇಹಾದಿಗಳು ಲಭಿಸುವುವು. ಮಂಡಿನೋವೂ ಸ್ವಲ್ಪ ಲಭಿಸುವುದು. ನಮ್ಮ ನಾಯಕನಿಗೆ ದಿಗ್ವಿಜಯದ ಕಪ್ಪಕಾಣಿಕೆಯಾಗಿ ಲಭಿಸಿದ್ದು, ಗಿಡ ತುಂಬಿಕೊಂಡ ಮೇಲೆ ಸಮಸ್ತ ಬಡಾವಣೆಯ ಒಪ್ಪಿಗೆಯಿಂದ ಕಿತ್ತ ಮೊದಲ ಎಸಳು. ಅದನ್ನು ಆತನು ಎರಡೂ ಕೈಯಲ್ಲಿ ಹಿಡಿದು ಮನೆಗೆ ತಂದನು. ಗಿರಿಜಾಂಬ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದಳು, ಪರಿಮಳವು ಗೇಟಿನವರೆಗೂ ಹೋಯಿತು.

ವಿಜಯಿಯು ತಟ್ಟೆಯ ಮುಂದೆ ಕುಳಿತನು. ಮೊದಲ ತುತ್ತು, ಎರಡನೇ ತುತ್ತು. ಮೂರನೆಯದರಲ್ಲಿ ಆತನ ಬೆರಳುಗಳು, ಹುಟ್ಟಿದಂದಿನಿಂದ ಬಂದ ಅಭ್ಯಾಸದಿಂದ, ಕರಿಬೇವಿನ ಎಲೆಯೊಂದನ್ನು ಹೆಕ್ಕಿ ತೆಗೆದು ತಟ್ಟೆಯ ಅಂಚಿಗೆ ಇಟ್ಟವು.

ಗಿರಿಜಾಂಬ ಎಲೆಯನ್ನು ನೋಡಿದಳು, ಗಂಡನನ್ನು ನೋಡಿದಳು. "ಇದಕ್ಕೇನ್ರೀ ಅಷ್ಟೆಲ್ಲ ಮಾಡಿದ್ದು?"

ನಾಗಭೂಷಣಯ್ಯನು ಅಂಚಿನಲ್ಲಿ ಒಂಟಿಯಾಗಿ ಕೂತಿದ್ದ ಆ ಎಲೆಯನ್ನು ಒಂದು ಗಳಿಗೆ ದಿಟ್ಟಿಸಿದನು. ಆತನಿಗೆ ನಾಚಿಕೆಯಾಯಿತು. ಮೆಲ್ಲನೆ ಅದನ್ನು ತೆಗೆದು ಬಾಯಿಗೆ ಹಾಕಿಕೊಂಡು ಅಗಿದನು.

"ಹೇಗಿದೆ?"

"ಸ್ವಲ್ಪ ಮಜ್ಜಿಗೆ ಮಜ್ಜಿಗೆ ಅನ್ಸುತ್ತೆ."

"ಎಷ್ಟು ದಿನ ಇರುತ್ತಂತೆ ಆ ವಾಸನೆ?"

"ಗೊತ್ತಿಲ್ಲ," ಎಂದನು ಆಗಮನನಿರ್ಗಮನತ್ರಿಕಾಲಜ್ಞನು. "ಶನಿವಾರ ಕೇಳಿ ಹೇಳ್ತೀನಿ." ಆಮೇಲೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿಸಿಕೊಂಡನು.